ತೆಂಗಿನ ತೋಟದ ಬೇಲಿಗೆ ಗೊಬ್ಬರದ ಗಿಡ ಹಾಕಬಹುದಾ?

ಪ್ರಶ್ನೆ: ನಮ್ಮದು ತಿಪಟೂರು ಕಡೆ. 3 ಎಕರೆ ತೆಂಗು, ಸುಮಾರು 150 ಮರ. ಪಕ್ಕದಲ್ಲೇ 2 ಎಕರೆ ಮಳೆ ಆಶ್ರಿತ ಹೊಲ, ರಾಗಿ ಸಾಲುಗಳ ನಡುನಡುವೆ ಅವರೆ ಅಕ್ಕಡಿ ಹಾಕುತ್ತೇವೆ. ಎರಡು ಸೀಮೆಹಸು ಇವೆ. ಕೊಟ್ಟಿಗೆ ಗೊಬ್ಬರ ಸಾಲದೆ ವರ್ಷ ವರ್ಷ ಹೊರಗಿಂದ ಟ್ರ್ಯಾಕ್ಟರ್ ಲೋಡ್ ತರಿಸಿ ಸಾಕಾಗಿದೆ. ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ಹಾಕಿ, ಆಮೇಲೆ ಯೂರಿಯಾನೇ ಬೇಡ ಅಂತ ಒಬ್ಬರು ಹೇಳುತ್ತಾರೆ. ಅದು ವಿಷದ ಗಿಡ, ದನಕ್ಕೆ ಆಗಲ್ಲ, ತೆಂಗಿನ ನೀರನ್ನೆಲ್ಲ ಎಳೆದುಕೊಳ್ಳುತ್ತೆ ಅಂತ ಇನ್ನೊಬ್ಬರು. ಯಾವುದು ನಿಜ? ಕಡ್ಡಿ ನೆಡಬೇಕಾ, ಬೀಜ ಹಾಕಬೇಕಾ?

ಉತ್ತರ: ಹಾಕಿ, ಧೈರ್ಯವಾಗಿ ಹಾಕಿ. ಆದರೆ ಯೂರಿಯಾ ದುಡ್ಡು ಉಳಿಸೋಕೆ ಅಂತ ಹಾಕಬೇಡಿ. ಟ್ರ್ಯಾಕ್ಟರ್ ಲೋಡ್ ತರಿಸಿ ಸಾಕಾಗಿದೆ ಅಂದಿರಲ್ಲ, ಅದಕ್ಕಾಗಿ ಹಾಕಿ. ಈ ಗಿಡವನ್ನು ಹೋಲಿಸಬೇಕಾದದ್ದು ಕೊಟ್ಟಿಗೆ ಗೊಬ್ಬರಕ್ಕೆ, ಯೂರಿಯಾಕ್ಕಲ್ಲ. ಇದೊಂದು ಮೊದಲೇ ತಿಳಿದಿದ್ದರೆ ಮುಂದೆ ಬೇಸರ ಆಗುವುದಿಲ್ಲ. ನೆಟ್ಟು ಎರಡು ವರ್ಷಕ್ಕೆ ಕಿತ್ತು ಹಾಕಿದವರನ್ನು ಕೇಳಿ ನೋಡಿ, ಹೆಚ್ಚಿನವರು ಯೂರಿಯಾ ಲೆಕ್ಕ ಹಿಡಿದು ಹೊರಟವರೇ ಆಗಿರುತ್ತಾರೆ.

ಯಾಕೆ ಅಂತ ಹೇಳುತ್ತೇನೆ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. ನೀರು ಬಿಟ್ಟು ಒಣಗಿದ ಭಾಗದಲ್ಲಿ ಶೇ. 3ರಿಂದ 4ರಷ್ಟು ಸಾರಜನಕ ಇರುತ್ತದೆ. ಅಂದರೆ 100 ಕೆ.ಜಿ. ಹಸಿ ಸೊಪ್ಪು ಹಾಕಿದರೆ ಮುಕ್ಕಾಲು ಕೆ.ಜಿ.ಯಿಂದ 1 ಕೆ.ಜಿ. ಸಾರಜನಕ ಮಣ್ಣಿಗೆ ಸೇರುತ್ತದೆ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಇರುವುದು 20 ಕೆ.ಜಿ.ಗೂ ಸ್ವಲ್ಪ ಜಾಸ್ತಿ. ಆ ಒಂದು ಚೀಲಕ್ಕೆ ಸಮ ಆಗಬೇಕಾದರೆ ನೀವು 2ರಿಂದ 2.75 ಟನ್ ಸೊಪ್ಪು ಕಡಿದು, ಹೊತ್ತು, ಹರಡಬೇಕು. ಸಬ್ಸಿಡಿ ದರದಲ್ಲಿ ಚೀಲ ಸುಮಾರು 266 ರೂಪಾಯಿಗೆ ಸಿಗುವಾಗ ಆ ಕೆಲಸದ ಕೂಲಿ ಎಲ್ಲಿಂದ ಗಿಟ್ಟುತ್ತದೆ? ಗಿಟ್ಟಲ್ಲ.

ಈಗ ಕೊಟ್ಟಿಗೆ ಗೊಬ್ಬರದ ಪಕ್ಕ ಇಟ್ಟು ನೋಡಿ. ಸಾಮಾನ್ಯ ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಶೇ. ಅರ್ಧದ ಆಸುಪಾಸು. ತೂಕಕ್ಕೆ ತೂಕ ನೋಡಿದರೆ ಹಸಿ ಗ್ಲಿರಿಸಿಡಿಯಾ ಸೊಪ್ಪೇ ಮೇಲು. ಜೊತೆಗೆ ಬಾಡಿಗೆ ಕೊಟ್ಟು ಹತ್ತಾರು ಮೈಲಿಯಿಂದ ತರುವ ಗೊಬ್ಬರದಲ್ಲಿ ಕಳೆ ಬೀಜ ಬರುತ್ತದೆ, ಗೊಣ್ಣೆ ಹುಳ ಬರುತ್ತದೆ, ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಗಳೂ ಬರುತ್ತವೆ. ಬೇಲಿಯಲ್ಲೇ ಬೆಳೆದ ಸೊಪ್ಪಿಗೆ ಈ ಯಾವ ಕಾಟವೂ ಇಲ್ಲ. ಮಣ್ಣಿಗೆ ಸಾವಯವ ಅಂಶ ಸೇರುತ್ತದೆ, ತೇವ ಹಿಡಿದುಕೊಳ್ಳುವ ಶಕ್ತಿ ಹೆಚ್ಚುತ್ತದೆ, ಎರೆಹುಳ ಮೇಲೆ ಬರುತ್ತವೆ. ಇದನ್ನು ಯೂರಿಯಾ ಎಷ್ಟು ಚೀಲ ಸುರಿದರೂ ಕೊಡಲಾರದು. ನಿಮ್ಮ ಕಡೆಯ ಕೆಂಪು ಮಣ್ಣಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿರುವುದೇ ಇದು.

ಈಗ ನಿಮ್ಮ ತೋಟದ ಲೆಕ್ಕ. ತೋಟ ಹೆಚ್ಚು ಕಡಿಮೆ ಚೌಕ ಇದೆ ಅಂದುಕೊಂಡರೆ 3 ಎಕರೆಯ ಸುತ್ತಳತೆ ಸುಮಾರು 440 ಮೀಟರ್. ಅರ್ಧ ಮೀಟರಿಗೆ ಒಂದರಂತೆ ನೆಟ್ಟರೆ 880 ಗಿಡ. ಮಳೆ ಕಡಿಮೆ ಇರುವ ಕಡೆ ವರ್ಷಕ್ಕೆ ಗಿಡಕ್ಕೆ 5 ಕೆ.ಜಿ. ಸೊಪ್ಪು ಅಂತ ಹಿಡಿಯೋಣ, ಜಾಸ್ತಿ ಆಸೆ ಬೇಡ. ಮೂರನೇ ವರ್ಷದಿಂದ 4.4 ಟನ್ ಆಯಿತು. 150 ಮರಕ್ಕೆ ಹಂಚಿದರೆ ಮರಕ್ಕೆ ಸುಮಾರು 29 ಕೆ.ಜಿ. ಒಂದು ತೆಂಗಿಗೆ ವರ್ಷಕ್ಕೆ ಶಿಫಾರಸು ಮಾಡಿರುವುದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್. ನಿಮ್ಮ ಬೇಲಿಯ ಸೊಪ್ಪೇ ಸಾರಜನಕದ ಅರ್ಧ ಭಾಗ ಪೂರೈಸಿಬಿಡುತ್ತದೆ. ಬೇಲಿಗೆ ಮಾತ್ರ ನೆಟ್ಟರೇ ಇಷ್ಟು.

ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇನ್ನೂ ಮುಂದೆ ಹೋಗಿದ್ದಾರೆ. ಕರಾವಳಿಯ ಬಡ ಮರಳು ಮಣ್ಣಿನಲ್ಲಿ ತೆಂಗಿನ ಸಾಲುಗಳ ನಡುವೆಯೇ ಗ್ಲಿರಿಸಿಡಿಯಾ ಬೆಳೆಸಿ, ವರ್ಷಕ್ಕೆ ಮೂರು ಸಲ ಸವರಿ ಬುಡಕ್ಕೆ ಕೊಟ್ಟರು. ಸಾರಜನಕದ ಶೇ. 90, ರಂಜಕದ ಶೇ. 25, ಪೊಟ್ಯಾಷ್‌ನ ಶೇ. 15ರಷ್ಟು ಅದರಿಂದಲೇ ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಆದರೆ ಅಲ್ಲಿ ಮಳೆ 3,000 ಮಿ.ಮೀ. ಮೇಲೆ, ನಿಮ್ಮಲ್ಲಿ 600-700ರ ಆಸುಪಾಸು. ಅವರ ಹಾಗೆ ಸಾಲಿನ ನಡುವೆ ನೆಡುವ ಮಾತು ನಿಮಗೆ ಬೇಡ, ಬೇಲಿ ಮತ್ತು ಬದು ಸಾಕು.

ಆ ಲೆಕ್ಕದಲ್ಲಿ ಪೊಟ್ಯಾಷ್ ಎಷ್ಟು ಕಡಿಮೆ ಇದೆ ಅಂತ ಗಮನಿಸಿದಿರಾ? ತೆಂಗು ಪೊಟ್ಯಾಷ್ ತಿನ್ನುವ ಮರ. ಕಾಯಿ ಗಾತ್ರ, ಕೊಬ್ಬರಿ ದಪ್ಪ ಎಲ್ಲ ಅದರ ಮೇಲೆ ನಿಂತಿದೆ. ಸೊಪ್ಪು ಹಾಕಿದೆ ಅಂತ ಪೊಟ್ಯಾಷ್ ನಿಲ್ಲಿಸಿದರೆ ಮೂರು ನಾಲ್ಕು ವರ್ಷದಲ್ಲಿ ಇಳುವರಿ ಇಳಿಯುತ್ತದೆ, ಬೈಗುಳ ಮಾತ್ರ ಗ್ಲಿರಿಸಿಡಿಯಾಕ್ಕೆ ಬೀಳುತ್ತದೆ. ಯೂರಿಯಾ ಅರ್ಧ ಕಡಿಮೆ ಮಾಡಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಮರಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಕೊಡುವುದನ್ನು ಮುಂದುವರಿಸಿ. ಒಲೆ ಬೂದಿ ಇದ್ದರೆ ಅದನ್ನೂ ಪಾತಿಗೆ ಹಾಕಿ. ಕಾಯಿ ಸಿಪ್ಪೆಯನ್ನು ಮಾರುತ್ತಿದ್ದರೆ ಒಂದಷ್ಟನ್ನಾದರೂ ತೋಟದಲ್ಲೇ ಉಳಿಸಿಕೊಳ್ಳಿ, ಪೊಟ್ಯಾಷ್ ಇರುವುದು ಅದರಲ್ಲೇ.

ಗಿಡಕ್ಕೆ ಈ ಸಾರಜನಕ ಎಲ್ಲಿಂದ ಬರುತ್ತದೆ ಅಂತ ನೀವೇ ಕಣ್ಣಾರೆ ನೋಡಬಹುದು. ಮಳೆಗಾಲದಲ್ಲಿ ವರ್ಷದ ಗಿಡ ಒಂದರ ಬುಡವನ್ನು ಬೆರಳಲ್ಲೇ ಮೆಲ್ಲಗೆ ಕೆದಕಿ. ಎಳೆ ಬೇರುಗಳ ಮೇಲೆ ಸಣ್ಣ ಸಣ್ಣ ಗಂಟು ಕಾಣುತ್ತವೆ, ಕೆಲವು ರಾಗಿ ಕಾಳಿನಷ್ಟು, ಕೆಲವು ಕಡಲೆಯಷ್ಟು. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಕೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ನಮ್ಮ ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಜಾತಿಯದೇ ಒಂದು ವಸ್ತು ಅದರಲ್ಲಿದೆ. ಒಳಗೆ ಸೇರಿಕೊಂಡಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಹಸಿರೋ ಬೂದುಬಣ್ಣವೋ ಇದ್ದರೆ ಆ ಗಂಟಿನ ಕಾಲ ಮುಗಿದಿದೆ. ಅವರೆ, ಅಲಸಂದೆ, ಶೇಂಗಾ ಬೇರಿನಲ್ಲೂ ಇದೇ ನಡೆಯುತ್ತದೆ. ಗ್ಲಿರಿಸಿಡಿಯಾ ಕೂಡ ಅದೇ ಕುಟುಂಬದ್ದು.

ರಾಗಿ ಹೊಲದ ವಿಷಯ. ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಒಣಭೂಮಿಯ ಬದುಗಳ ಮೇಲೆ ಇದನ್ನು ಬೆಳೆಸಿ ನೋಡಿದೆ. ಹೆಕ್ಟೇರಿಗೆ 700 ಮೀಟರ್ ಬದು, ಅರ್ಧ ಮೀಟರಿಗೊಂದು ಗಿಡ. ಗಿಡ ಬಲಿತ ಮೇಲೆ ವರ್ಷಕ್ಕೆ ಸುಮಾರು 30 ಕೆ.ಜಿ. ಸಾರಜನಕ ಸಿಗುತ್ತದೆ ಅನ್ನುತ್ತಾರೆ. ಎಕರೆಗೆ 12 ಕೆ.ಜಿ. ಬಿತ್ತು. ಮಳೆ ಆಶ್ರಿತ ರಾಗಿಗೆ ಎಕರೆಗೆ ಬೇಕಾಗಿರುವುದೇ 20 ಕೆ.ಜಿ. ಆಸುಪಾಸು. ಬದು ಹೇಗಿದ್ದರೂ ಖಾಲಿ ಬಿದ್ದಿರುತ್ತದೆ, ಅಲ್ವಾ? ಗಿಡ ನಿಂತರೆ ಮಳೆ ಹೊಡೆತಕ್ಕೆ ಬದು ಕೊಚ್ಚಿಹೋಗುವುದೂ ನಿಲ್ಲುತ್ತದೆ.

ಆದರೆ ನಿಮ್ಮ ಹೊಲದಲ್ಲಿ ಅವರೆ ಅಕ್ಕಡಿ ಇದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಗಿಡ ಹಂಚುವವರು ಇದನ್ನು ಹೇಳುವುದು ಕಡಿಮೆ. ಅವರೆ, ಅಲಸಂದೆಯ ಎಳೆ ಕುಡಿಗೆ ಮುತ್ತಿಕೊಳ್ಳುವ ಕಪ್ಪು ಹೇನು ಗೊತ್ತಲ್ಲ, ಅದಕ್ಕೆ ಗ್ಲಿರಿಸಿಡಿಯಾ ಚಿಗುರು ಅಂದರೆ ತುಂಬಾ ಇಷ್ಟ. ಹೊಲದಲ್ಲಿ ಅವರೆ ಇಲ್ಲದ ತಿಂಗಳುಗಳಲ್ಲಿ ಅದು ಈ ಗಿಡದ ಮೇಲೆ ಕಾಲ ಕಳೆಯುತ್ತದೆ. ಚಿಗುರೆಲ್ಲ ಅಂಟಂಟು, ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಬೂಷ್ಟು, ಸುತ್ತ ಇರುವೆ ಸಾಲು ಕಂಡರೆ ಅದೇ. ಹಾಗಂತ ಗಿಡ ಬೇಡ ಅನ್ನಬೇಕಾಗಿಲ್ಲ. ಅವರೆ ಹೂ ಕಟ್ಟುವುದಕ್ಕೆ ಮೊದಲೇ ಹೊಲದ ಬದುವಿನ ಗಿಡಗಳನ್ನು ಒಂದು ಸುತ್ತು ಸವರಿ. ಹೇನು ಹತ್ತಿದ ರೆಂಬೆಯನ್ನು ಹೊಲದೊಳಗೆ ಎಳೆದು ತರಬೇಡಿ, ತೆಂಗಿನ ಪಾತಿಗೆ ಹಾಕಿ ಮಣ್ಣು ಮುಚ್ಚಿ. ಅವರೆಯೇ ನಿಮ್ಮ ಮುಖ್ಯ ದುಡಿಮೆ ಆಗಿದ್ದರೆ ಹೊಲದ ಬದು ಬಿಟ್ಟು ತೋಟದ ಬೇಲಿಗೆ ಮಾತ್ರ ನೆಡಿ ಅನ್ನುತ್ತಿದ್ದೆ.

ಕಡ್ಡಿನಾ, ಬೀಜನಾ? ಮಲೆನಾಡು, ಕರಾವಳಿಯಲ್ಲಿ ಎಲ್ಲರೂ ಗೂಟ ನೆಡುತ್ತಾರೆ. ಮಳೆ ಜೋರು, ಚುಚ್ಚಿದ್ದೆಲ್ಲ ಚಿಗುರುತ್ತದೆ. ನಿಮ್ಮ ಬಯಲುಸೀಮೆಗೆ ನಾನು ಬೀಜದ ಸಸಿಯನ್ನೇ ಹೇಳುತ್ತೇನೆ. ಗೂಟದಿಂದ ಎದ್ದ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಬೇರು ಮೇಲೆ ಮೇಲೆಯೇ ಅಕ್ಕಪಕ್ಕ ಹರಡುತ್ತದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದ ಕೂಡಲೇ ಸೊರಗುತ್ತದೆ, ಗಾಳಿಗೆ ವಾಲುತ್ತದೆ, ಪಕ್ಕದ ಬೆಳೆಯ ಬೇರಿಗೂ ಪೈಪೋಟಿ ಕೊಡುತ್ತದೆ. ಬೀಜದ ಗಿಡ ಬೇರನ್ನು ಕೆಳಕ್ಕೆ ಇಳಿಸುತ್ತದೆ. ತೆಂಗಿನ ನೀರು ಎಳೆಯುತ್ತೆ ಅನ್ನುವ ದೂರಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಬೀಜಕ್ಕೆ ದುಡ್ಡು ಕೊಡಬೇಕಾಗಿಲ್ಲ. ರಸ್ತೆ ಬದಿಯಲ್ಲಿ, ಹಳೇ ತೋಟಗಳ ಬೇಲಿಯಲ್ಲಿ ಕಡಿಯದೆ ಬಿಟ್ಟ ಮರಗಳನ್ನು ಜನವರಿಯಿಂದ ಮಾರ್ಚ್ ನಡುವೆ ಗುರುತು ಹಾಕಿಕೊಳ್ಳಿ. ಎಲೆ ಒಂದೂ ಇಲ್ಲದೆ ಕೊಂಬೆ ತುಂಬಾ ತಿಳಿ ಗುಲಾಬಿ ಹೂ ಬಿಟ್ಟಿರುತ್ತವೆ. ಆಮೇಲೆ ಚಪ್ಪಟೆ ಕಾಯಿ ಬರುತ್ತದೆ. ಬಿಸಿಲೇರಿದ ಹೊತ್ತಲ್ಲಿ ಒಣ ಕಾಯಿ ಪಟ್ ಅಂತ ಸಿಡಿದು ಬೀಜ ದೂರ ಹಾರಿಸುತ್ತದೆ. ಆದ್ದರಿಂದ ಕಾಯಿ ಹಸಿರು ಬಿಟ್ಟು ಹಳದಿ ಕಂದು ಆಗುತ್ತಿರುವಾಗಲೇ ಬಿಡಿಸಿ, ತೆಳು ಬಟ್ಟೆ ಮುಚ್ಚಿ ಒಣಗಿಸಿ. ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ಮಣ್ಣು ತುಂಬಿದ ಸಸಿ ಚೀಲಕ್ಕೆ ಹಾಕಿದರೆ ಸಾಕು, ವಾರ ಹತ್ತು ದಿನದಲ್ಲಿ ಮೊಳೆಯುತ್ತದೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಚೀಲ ಮಾಡಿದರೆ ಮುಂಗಾರು ಹಿಡಿಯುವ ಹೊತ್ತಿಗೆ ಒಂದೂವರೆ ಅಡಿ ಸಸಿ ಕೈಯಲ್ಲಿರುತ್ತದೆ.

ಗೇಟಿನ ಹತ್ತಿರ, ದನ ನುಗ್ಗುವ ಮೂಲೆಗಳಲ್ಲಿ ಮಾತ್ರ ಗೂಟ ಹಾಕಿ. ಆಳೆತ್ತರದ ಗೂಟ ಮೊದಲ ದಿನವೇ ಬೇಲಿ ಆಗಿಬಿಡುತ್ತದೆ. ಹಸಿರು ಎಳೆ ಕಡ್ಡಿ ಬೇಡ, ತೊಗಟೆ ಕಂದು ತಿರುಗಿದ, ಹೆಬ್ಬೆರಳಿಗಿಂತ ದಪ್ಪ ಇರುವ ಬಲಿತ ರೆಂಬೆ ಆರಿಸಿ. ಬುಡ ಓರೆಯಾಗಿ ಕತ್ತರಿಸಿ, ಮೇಲಿನ ತುದಿಗೆ ಸಗಣಿ ಮೆತ್ತಿ. ತಲೆಕೆಳಗಾಗಿ ನೆಟ್ಟು ಒಣಗಿಸಿಕೊಳ್ಳುವವರು ತುಂಬಾ ಜನ. ಅದಕ್ಕೊಂದು ಗುರುತು ಇದೆ. ಎಲೆ ಉದುರಿದ ಕಲೆ ಕೆಳಗೆ, ಅದರ ಮೇಲೆ ಪುಟ್ಟ ಮೊಗ್ಗು. ಮೊಗ್ಗು ಕಲೆಯ ಮೇಲ್ಗಡೆ ಕಂಡರೆ ಗೂಟ ಸರಿಯಾಗಿ ನಿಂತಿದೆ. ಒಂದೂವರೆ ಅಡಿ ಆಳಕ್ಕೆ ಹಾರೆಯಲ್ಲಿ ಗುಂಡಿ ತೋಡಿ ಇಳಿಸಬೇಕು, ಕಲ್ಲಲ್ಲಿ ಬಡಿದು ಇಳಿಸಿದರೆ ಬುಡದ ತೊಗಟೆ ಸುಲಿದು ಬೇರು ಬರುವ ಜಾಗವೇ ಹೋಗುತ್ತದೆ.

ನೆಟ್ಟ ಮೊದಲ ವರ್ಷ ಕೈ ಹಾಕಬೇಡಿ. ಬೆಳವಣಿಗೆ ನೋಡಿ ಆಸೆಯಾಗುತ್ತದೆ, ಒಳ್ಳೆಯ ಮಳೆ ಬಿದ್ದರೆ ವರ್ಷದಲ್ಲಿ ತಲೆ ಮೇಲೆ ಹೋಗಿರುತ್ತದೆ. ಬೆಚ್ಚಗಿನ, ಮಳೆ ಚೆನ್ನಾಗಿರುವ ಕಡೆ ಮೊದಲ ವರ್ಷವೇ 3 ಮೀಟರ್ ಬೆಳೆದ ಗಿಡಗಳೂ ಉಂಟು. ಆದರೂ ಬೇರು ಕೂರಲಿ. ಮುಂದಿನ ಮಳೆಗಾಲದಲ್ಲಿ ಸೊಂಟದ ಎತ್ತರಕ್ಕೆ, ಅಂದರೆ ಸುಮಾರು 1 ಮೀಟರಿಗೆ ಹರಿತವಾದ ಮಚ್ಚಿನಲ್ಲಿ ಓರೆ ಏಟು ಕೊಟ್ಟು ಕಡಿಯಿರಿ. ಮೊಂಡು ಕತ್ತಿಯಲ್ಲಿ ಜಜ್ಜಿದರೆ ಬುಡ ಸೀಳಿ ಕೊಳೆಯುತ್ತದೆ. ಕಡಿದ ಜಾಗದಲ್ಲಿ ಹತ್ತಾರು ಟಿಸಿಲು ಒಡೆಯುತ್ತವೆ. ಆಮೇಲೆ ವರ್ಷಕ್ಕೆ ಎರಡು ಸಲ ಖಂಡಿತ, ಬೋರ್ ನೀರಿನ ಪಸೆ ಸಿಗುವ ಕಡೆ ಮೂರು ಸಲ.

ಇದು ಕಡಿಯೋಕೆ ಅಂತಲೇ ನೆಡುವ ಮರ. ಕಡಿಯದೆ ಬಿಟ್ಟರೆ 10-12 ಮೀಟರ್ ಎದ್ದು, ತೋಟಕ್ಕೆ ನೆರಳು ಹಾಕಿ, ನೀರು ಕುಡಿದು, ಬೇಸಿಗೆಗೆ ಎಲೆ ಉದುರಿಸಿ ನಿಲ್ಲುತ್ತದೆ. ನಿಮಗೆ ನೀರಿನ ಭಯ ಹುಟ್ಟಿಸಿದವರು ನೋಡಿರುವುದು ಅಂಥ ಬೇಲಿಯನ್ನೇ ಇರಬೇಕು. ಮರ ನೀರು ಕಳೆಯುವುದು ಎಲೆಯಿಂದ. ಎಲೆ ಇಳಿಸಿದರೆ ಖರ್ಚೂ ಇಳಿಯುತ್ತದೆ, ಜೊತೆಗೆ ಒಂದಷ್ಟು ಎಳೆ ಬೇರೂ ಸತ್ತು ಮಣ್ಣಲ್ಲೇ ಗೊಬ್ಬರವಾಗುತ್ತದೆ. ನಿಮ್ಮಲ್ಲಿ ಮೊದಲ ಕಟಾವು ಜೂನ್ ಕೊನೆಗೆ, ರಾಗಿ ಬಿತ್ತನೆಗೆ ಎರಡು ಮೂರು ವಾರ ಮುಂಚೆ. ಎರಡನೆಯದು ಅಕ್ಟೋಬರ್-ನವೆಂಬರ್, ತಾನಾಗಿ ಎಲೆ ಉದುರುವುದಕ್ಕೆ ಮೊದಲು, ತೆಂಗಿನ ಬುಡಕ್ಕೆ. ಬೇಲಿಯಿಂದ ಹತ್ತಿರದ ತೆಂಗಿಗೆ ಎಂಟು ಹತ್ತು ಅಡಿಯಾದರೂ ಅಂತರ ಇರಲಿ. ಹೊಲದ ಕಡೆ ಬೇರು ಬರುತ್ತಿದೆ ಅನ್ನಿಸಿದರೆ ಎರಡು ವರ್ಷಕ್ಕೊಮ್ಮೆ ಬದುವಿನ ಗುಂಟ ಒಂದು ಆಳದ ಸಾಲು ಹೊಡೆಸಿ, ಸಾಕು.

ಸೊಪ್ಪನ್ನು ಮಣ್ಣಿನ ಮೇಲೆ ಸುಮ್ನೆ ಎಸೆದು ಹೋಗುವುದು ದೊಡ್ಡ ನಷ್ಟ. ಇದು ಬೇಗ ಕರಗುವ ಸೊಪ್ಪು. ಹದ ಇದ್ದರೆ 20 ದಿನದಲ್ಲಿ ಅರ್ಧ ಮಾಯ. ಬಿಸಿಲಿಗೆ ಬಿಟ್ಟರೆ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ತೆಂಗಿನ ಬುಡದಿಂದ ಐದಾರು ಅಡಿ ದೂರದ ಪಾತಿಯಲ್ಲಿ ಹರಡಿ, ಅವತ್ತೇ ಎರಡು ಇಂಚು ಮಣ್ಣು ಎಳೆಯಿರಿ, ಮೇಲೆ ತೆಂಗಿನ ಗರಿ ಇಲ್ಲವೇ ಸಿಪ್ಪೆ ಹೊದಿಸಿ. ಗರಿ ನಿಧಾನಕ್ಕೆ ಕರಗಿ ತೇವ ಕಾಯುತ್ತದೆ, ಸೊಪ್ಪು ಬೇಗ ಕರಗಿ ಊಟ ಕೊಡುತ್ತದೆ. ಸೊಪ್ಪೊಂದನ್ನೇ ಮುಚ್ಚಿಗೆ ಅಂತ ಹಾಕಿದರೆ ತಿಂಗಳಿಗೆ ನೆಲ ಮತ್ತೆ ಬರಿದಾಗುತ್ತದೆ. ಕೊಂಬೆಯ ದಪ್ಪ ಕಡ್ಡಿಗಳನ್ನು ಪಾತಿಗೆ ಹಾಕಬೇಡಿ, ಅವು ಒಲೆಗೆ.

ಈಗ ವಿಷದ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ಈ ಮರ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ್ದು. ಅಲ್ಲಿಯ ರೈತರು ಇದರ ಎಲೆ, ತೊಗಟೆಯನ್ನು ಮೆಕ್ಕೆಜೋಳದ ಜೊತೆ ಬೇಯಿಸಿ, ಹುಳಿ ಬರಿಸಿ ಇಲಿಗೆ ಇಡುತ್ತಿದ್ದರು. ಎಲೆಯಲ್ಲಿ ಕೂಮರಿನ್ ಅನ್ನುವ ವಾಸನೆಯ ವಸ್ತು ಇದೆ, ಅದು ಅಷ್ಟಾಗಿ ಅಪಾಯ ಅಲ್ಲ. ಆದರೆ ಎಲೆ ಬೂಷ್ಟು ಹಿಡಿದಾಗ ಸೂಕ್ಷ್ಮಜೀವಿಗಳು ಅದನ್ನು ಡೈಕೂಮರಾಲ್ ಆಗಿ ಬದಲಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದು. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸೋರಿ ಸತ್ತದ್ದು ಇದರಿಂದಲೇ. ವಾರ್ಫರಿನ್ ಅನ್ನುವ ಇಲಿ ಪಾಷಾಣವೂ ಅದೇ ಸಂಶೋಧನೆಯಿಂದ ಬಂದದ್ದು.

ಹಾಗಾಗಿ ಹಸುಗಳಿಗೆ ನಿಯಮ ಸರಳ. ಕಡಿದು ಒಂದು ದಿನ ನೆರಳಲ್ಲಿ ಬಾಡಿಸಿ ಕೊಡಿ. ವಾಸನೆ ಇಳಿಯುತ್ತದೆ, ಆಗ ಮುಟ್ಟುತ್ತವೆ. ರಾಶಿ ಹಾಕಿ ಬಿಸಿಯೇರಿದ, ಕಪ್ಪಾದ, ಬೂಷ್ಟು ವಾಸನೆಯ ಸೊಪ್ಪನ್ನು ಯಾವತ್ತೂ ಕೊಡಬೇಡಿ. ಮೊದಲ ವಾರ ದಿನಕ್ಕೆ ಒಂದೆರಡು ಕೆ.ಜಿ., ನೇಪಿಯರ್ ಹುಲ್ಲಿನ ಜೊತೆ ಕತ್ತರಿಸಿ ಬೆರೆಸಿ. ಮೇಲೆ ಬೆಲ್ಲದ ನೀರೋ ಉಪ್ಪು ನೀರೋ ಚಿಮುಕಿಸಿದರೆ ಬೇಗ ಅಭ್ಯಾಸ ಆಗುತ್ತದೆ. ಒಟ್ಟು ಹಸಿ ಮೇವಿನ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅದಕ್ಕಿಂತ ಮೇಲೆ ಬೇಡ. ಎಲೆಯ ಒಣ ತೂಕದಲ್ಲಿ ಪ್ರೋಟೀನ್ ಶೇ. 20ರ ಮೇಲಿದೆ, ಬರೀ ರಾಗಿ ಹುಲ್ಲು ತಿನ್ನುವ ರಾಸಿಗೆ ಇದು ದೊಡ್ಡ ಸಹಾಯ. ಹಿಂಡಿ ಖರ್ಚು ಸ್ವಲ್ಪ ಇಳಿಯುತ್ತದೆ, ಪೂರ್ತಿ ನಿಲ್ಲಿಸಬೇಡಿ. ಹಾಲು ಕರೆದ ಮೇಲೆ ಕೊಟ್ಟರೆ ಹಾಲಿಗೆ ವಾಸನೆ ತಟ್ಟುವ ಗೋಜಿಲ್ಲ. ಆಡು, ಕುರಿ ಹಸುಗಳಿಗಿಂತ ಬೇಗ ಒಗ್ಗಿಕೊಳ್ಳುತ್ತವೆ. ಕುದುರೆ, ಮೊಲ, ಕೋಳಿಗೆ ಮಾತ್ರ ಬೇಡವೇ ಬೇಡ. ಮೆಲುಕು ಹಾಕದ ಪ್ರಾಣಿಗಳಿಗೆ ಇದು ಆಗುವುದಿಲ್ಲ.

ಇನ್ನು ಸೌದೆ. ಎರಡು ಮೂರು ವರ್ಷದ ರೆಂಬೆ ಒಣಗಿಸಿದರೆ ಒಳ್ಳೆ ಕಾವು, ಹೊಗೆ ಕಡಿಮೆ, ಕಿಡಿ ಹಾರಲ್ಲ. ಕೆ.ಜಿ.ಗೆ ಸುಮಾರು 4,900 ಕಿಲೋಕ್ಯಾಲರಿ ಶಾಖ ಇದೆ. ನೀರೊಲೆಗೆ, ಕೊಬ್ಬರಿ ಒಣಗಿಸುವ ಹೊಗೆ ಅಟ್ಟಕ್ಕೆ ಬೇಲಿಯ ಸೌದೆಯೇ ಸಾಕಾಗುತ್ತದೆ. ಶ್ರೀಲಂಕಾದವರು ಇದನ್ನು ನಮಗಿಂತ ಗಂಭೀರವಾಗಿ ತೆಗೆದುಕೊಂಡರು. ಚಹಾ, ರಬ್ಬರ್, ತೆಂಗಿನ ನಂತರ ನಾಲ್ಕನೇ ತೋಟದ ಬೆಳೆ ಅಂತ 2005ರಲ್ಲಿ ಅಲ್ಲಿಯ ಸರ್ಕಾರ ಗ್ಲಿರಿಸಿಡಿಯಾವನ್ನು ಘೋಷಿಸಿತು. ತೆಂಗಿನ ತೋಟದ ನಡುವೆ ಬೆಳೆದು, ಎಲೆಯನ್ನು ತೋಟಕ್ಕೆ ಉಳಿಸಿ, ಕೋಲನ್ನು ಕಾರ್ಖಾನೆಯ ಬಾಯ್ಲರಿಗೆ, ವಿದ್ಯುತ್ ಘಟಕಕ್ಕೆ ಮಾರುತ್ತಾರೆ. ನಮ್ಮಲ್ಲಿ ಅಂಥ ಮಾರುಕಟ್ಟೆ ಇನ್ನೂ ಕುದುರಿಲ್ಲ. ಯಾರಾದರೂ ಬಂದು ಎಕರೆಗೆ ಇಷ್ಟು ಲಕ್ಷ ಅಂತ ಒಪ್ಪಂದ ಮುಂದಿಟ್ಟರೆ ಸಹಿ ಹಾಕಬೇಡಿ. ಬೆಲೆಬಾಳುವ ಹಲಗೆಯ ಮರ ಇದಲ್ಲ. ಬಲಿತ ತಿರುಳು ಗಟ್ಟಿ, ಗೆದ್ದಲಿಗೆ ಸುಲಭವಾಗಿ ಬಗ್ಗಲ್ಲ, ಗುದ್ದಲಿ ಕಾವು, ಚಪ್ಪರದ ಕಂಬ ಚೆನ್ನಾಗಿ ಆಗುತ್ತವೆ. ಅಷ್ಟಕ್ಕೇ ತೃಪ್ತಿ ಇರಲಿ.

ಬೇಲಿಯಾಗಿ ಇದರ ಉಪಯೋಗ ಇದರ ತವರಿನಲ್ಲೇ ಶುರುವಾದದ್ದು. ಅಲ್ಲಿ ತಂತಿಯನ್ನು ಜೀವಂತ ಮರಕ್ಕೇ ಹೊಡೆಯುತ್ತಾರೆ, ಕಲ್ಲುಕಂಬದ ಖರ್ಚಿಲ್ಲ. ಕೋಕೋ ಗಿಡಕ್ಕೆ ನೆರಳು ಕೊಡುವುದೂ ಅಲ್ಲಿಯ ಹಳೇ ಪದ್ಧತಿ, ಅದಕ್ಕೇ ಸ್ಪ್ಯಾನಿಷ್ ಮಾತಿನಲ್ಲಿ ಇದನ್ನು ಕೋಕೋದ ತಾಯಿ ಅನ್ನುತ್ತಾರೆ. 1600ರ ದಶಕಗಳಲ್ಲಿ ಸ್ಪೇನಿನವರ ಹಡಗುಗಳಲ್ಲಿ ಫಿಲಿಪೀನ್ಸ್ ಸೇರಿತು, ಆಮೇಲೆ ತೋಟಗಾರರ ಕೈಯಿಂದ ಕೈಗೆ ಏಷ್ಯಾದ ಉದ್ದಗಲಕ್ಕೆ ಹೋಯಿತು. 1980ರ ದಶಕದಲ್ಲಿ ಮೇವು, ಸೊಪ್ಪಿಗೆ ಬೆಳೆಯುತ್ತಿದ್ದ ಸುಬಾಬುಲ್ ಗಿಡಕ್ಕೆ ಜಿಗಿಹುಳದ ಕಾಟ ಬಂದು ಏಷ್ಯಾದಲ್ಲೆಲ್ಲ ಅದು ಬೋಳಾದಾಗ ಎಲ್ಲರ ಕಣ್ಣು ಇದರ ಮೇಲೆ ಬಿತ್ತು. ಆಕ್ಸ್‌ಫರ್ಡ್‌ನ ಅರಣ್ಯ ಸಂಸ್ಥೆಯವರು ಮಧ್ಯ ಅಮೆರಿಕವೆಲ್ಲ ಸುತ್ತಿ ಬೀಜ ಕೂಡಿಸಿ ಹಲವು ದೇಶಗಳಲ್ಲಿ ಬೆಳೆಸಿ ನೋಡಿದರು. ಗ್ವಾಟೆಮಾಲಾದ ರೆಟಾಲುಲೆಯು ಕಡೆಯ ಬೀಜ ಹಲವು ಕಡೆ ಸೊಪ್ಪಿನಲ್ಲಿ ಮುಂದಿತ್ತು. ನಮ್ಮ ಊರುಗಳಲ್ಲಿ ಒಂದೇ ಗಿಡದ ಗೂಟದಿಂದ ಗೂಟಕ್ಕೆ ಹೋಗಿರುವುದೇ ಜಾಸ್ತಿ. ಬೀಜ ಕೂಡಿಸುವಾಗ ಒಂದೇ ಮರದಿಂದ ತರಬೇಡಿ, ದೂರ ದೂರದ ಹತ್ತಾರು ಮರದಿಂದ ತಂದು ಬೆರೆಸಿ ಅಂತ ಹೇಳುವುದು ಅದಕ್ಕೇ.

ಮಲೆನಾಡಿನವರು ಇದನ್ನು ಬಳಸಿದ ಬಗೆಯೇ ಬೇರೆ. 2003-04ರ ವೆನಿಲ್ಲಾ ಭರಾಟೆಯಲ್ಲಿ ಬಳ್ಳಿ ಹಬ್ಬಿಸೋಕೆ ಬೇಗ ಎದ್ದು ನಿಲ್ಲುವ ಗಿಡ ಬೇಕಿತ್ತು, ಗ್ಲಿರಿಸಿಡಿಯಾ ನೆಟ್ಟರು. ವೆನಿಲ್ಲಾ ಬೆಲೆ ನೆಲಕಚ್ಚಿತು, ಗಿಡ ಅಡಿಕೆ ತೋಟದ ಅಂಚಿನಲ್ಲಿ ಉಳಿದು ಸೊಪ್ಪು ಕೊಡುತ್ತಿದೆ. ಕರಿಮೆಣಸಿಗೂ ಆಸರೆಯಾಗಿ ಹಾಕುತ್ತಾರೆ. ಎಲೆಯಲ್ಲಿ ಗಂಟು ಎಬ್ಬಿಸುವ ಗಾಲ್ ಕಣಜದ ಕಾಟದಿಂದ, ಮೆಣಸಿಗೆ ಆಸರೆಯಾಗಿದ್ದ ಹಾಲಿವಾಣ ಮರ ಸೊರಗಿದ ಮೇಲೆ ಅಂತೂ ಇದಕ್ಕೆ ಬೇಡಿಕೆ ಹೆಚ್ಚಿತು. ಸೊಪ್ಪಿನ ಬೆಟ್ಟದಿಂದ ಕಾಡು ಸೊಪ್ಪು ಹೊರುವವರು ತೋಟದ ಸುತ್ತಲೇ ಇದನ್ನು ಬೆಳೆದುಕೊಂಡರೆ ಬೆಟ್ಟಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ ಅನ್ನುವುದು ನನ್ನ ಬಲವಾದ ಅನಿಸಿಕೆ. ಕಾಫಿಗೆ ಮಾತ್ರ ನಾನು ಹೇಳುವುದಿಲ್ಲ. ನೆರಳು ಬೇಕಾದ ಬೇಸಿಗೆಯಲ್ಲೇ ಎಲೆ ಉದುರಿಸಿಕೊಂಡು ನಿಲ್ಲುತ್ತದೆ.

ಹಾಗೆಯೇ, ಇದನ್ನು ಎಲ್ಲ ಕಡೆ ಹರಡಬೇಡಿ. ಬೇರೆ ದೇಶದ ಮರ, ಬೀಜ ತಾನೇ ಸಿಡಿದು ಬೀಳುತ್ತದೆ. ಗೋಮಾಳ, ಕೆರೆ ಅಂಗಳ, ಕಾಡಂಚಿಗೆ ಹೊಂಗೆ, ಬೇವು, ಹಿಪ್ಪೆಯೇ ಇರಲಿ. ನಿಮ್ಮ ಬೇಲಿಯಲ್ಲೂ ಹತ್ತು ಗ್ಲಿರಿಸಿಡಿಯಾಕ್ಕೆ ಒಂದು ಹೊಂಗೆ ಇಟ್ಟರೆ ಒಳ್ಳೆಯದು. ಹೊಂಗೆ ನಿಧಾನ, ಆದರೆ ಬೇಸಿಗೆಯಲ್ಲೂ ತಂಪು. ಜೇನು ಪೆಟ್ಟಿಗೆ ಇದ್ದರೆ ಗ್ಲಿರಿಸಿಡಿಯಾದ ನಾಲ್ಕಾರು ಗಿಡ ಕಡಿಯದೆ ಬಿಡಿ. ಹೂ ಬರುವುದು ಬಲಿತ ರೆಂಬೆಯಲ್ಲಿ, ಸವರಿದ ಗಿಡದಲ್ಲಿ ಹೂ ಕಾಣುವುದೇ ಅಪರೂಪ. ನೀರು ನಿಲ್ಲುವ ಜಾಗ ಇದಕ್ಕೆ ಆಗುವುದಿಲ್ಲ, ಕೆರೆ ಕೆಳಗಿನ ಮೂಲೆ ಇದ್ದರೆ ಅದನ್ನು ಬಿಟ್ಟು ನೆಡಿ.

ಒಂದೇ ಸಲ 880 ಗಿಡ ಬೇಡ. ಈ ಮುಂಗಾರಿಗೆ ತೋಟದ ಪಶ್ಚಿಮ ಮತ್ತು ಉತ್ತರದ ಬೇಲಿಗೆ 400 ಸಸಿ ನೆಡಿ, ಸತ್ತವುಗಳ ಜಾಗ ತುಂಬಲು ಒಂದು 60 ಚೀಲ ಹೆಚ್ಚಿಗೆ ಮಾಡಿಕೊಳ್ಳಿ. ಮೊದಲ ಬೇಸಿಗೆ ಹದಿನೈದು ದಿನಕ್ಕೊಮ್ಮೆ ಗಿಡಕ್ಕೆ ಒಂದು ಬಿಂದಿಗೆ ನೀರು ಹಾಕಿದರೆ ಮುಂದೆ ಕೇಳುವುದಿಲ್ಲ. ನಡುವೆ ಮಣ್ಣು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ, ಮುಖ್ಯವಾಗಿ ಪೊಟ್ಯಾಷ್ ಮತ್ತು ಸಾವಯವ ಇಂಗಾಲದ ಅಂಕಿ. ಮೂರು ವರ್ಷ ಸೊಪ್ಪು ಕೊಟ್ಟ ಮೇಲೆ ಅದೇ ಜಾಗದ ಮಣ್ಣನ್ನು ಮತ್ತೆ ಪರೀಕ್ಷೆಗೆ ಕೊಡಿ. ಎಷ್ಟು ಲೋಡ್ ಗೊಬ್ಬರ ನಿಲ್ಲಿಸಬಹುದು ಅನ್ನುವುದನ್ನು ಆ ಎರಡು ವರದಿ ಪಕ್ಕಪಕ್ಕ ಇಟ್ಟುಕೊಂಡು ತೀರ್ಮಾನ ಮಾಡೋಣ. ಬೇಕಾದರೆ ಎರಡನ್ನೂ ನನಗೆ ಕಳಿಸಿ.